ಯಜಮಾನರ ಗಾಳಿ ಶೂ

೪ ಜನವರಿ ೨೦೦೪, ಭಾನುವಾರ
ಬೆಳಿಗ್ಗೆಯಿಂದ ಅವರೆಕಾಯಿ ಸುಲಿದಿದ್ದೇ ಆಯ್ತು. ಮಧ್ಯಾಹ್ನ ಯಜಮಾನರು ಶಿವಮೊಗ್ಗದಿಂದ ಬಂದರು. ಕೈಯಲ್ಲಿ ಡಬ್ಬ. ನನಗೆ ಸೀರೆ ಅಂದ್ಕೊಂಡೆ... ಥೂ, ನನ್ನ ಬುದ್ಧಿಗಿಷ್ಟು! ಶೂ. ನೆಹರೂ ರೋಡಲ್ಲಿ ತಗೊಂಡಿದ್ದಂತೆ. ಓಡೋ ಶೂ. ಹಿಮ್ಮಡಿ ಕೆಳಗೆ ಗಾಜಿನಂಥ ಗುಳ್ಳೆ, ಅದರೊಳಗೆ ಗಾಳಿ. ಗಾಳಿಗೂ ದುಡ್ಡು ಕೊಟ್ಟು ಬಂದಿದಾರೆ ಮಹಾನುಭಾವರು.
"ಟೆಕ್ನಾಲಜಿ ಕಣೇ ಸರಸು. ಮಂಡಿಗೆ ಜರ್ಕೇ ಹೊಡೆಯಲ್ಲ."
ಡಾಕ್ಟರು ಹೇಳಿದ್ದು — ಶುಗರ್ ಜಾಸ್ತಿ ಇದೆ, ನಡೀರಿ, ಅನ್ನ ಕಮ್ಮಿ ಮಾಡಿ, ಮಲಗೋ ಮುಂಚೆ ಅಂಗಾಲು ನೋಡ್ಕೊಳ್ಳಿ. ಇವರಿಗೆ ಕೇಳಿಸಿದ್ದು ಶೂ! ಮಾವನವರ ಕಾಲು ಕತ್ತರಿಸಿದ್ದೂ ಇದೇ ಕಾಯಿಲೆಗೆ. ಮಗನಿಗೆ ಅದರ ನೆನಪೇ ಇಲ್ಲ.

೬, ಮಂಗಳವಾರ
ಕಾಗದನಗರದ ಅರ್ಧ ಗಂಡಸರು ನಮ್ಮ ಕ್ವಾರ್ಟರ್ಸ್ ಮೆಟ್ಟಿಲ ಮೇಲೆ. ಶೂ ದರ್ಶನಕ್ಕೆ. ಒಬ್ಬೊಬ್ಬರೂ ಹೆಬ್ಬೆಟ್ಟಲ್ಲಿ ಗುಳ್ಳೆ ಒತ್ತಿ ನೋಡೋದು, ಪರಂಗಿಹಣ್ಣು ನೋಡೋ ಹಾಗೆ. ಪಕ್ಕದ ಮನೆ ಗೌಸ್ ಸಾಹೇಬ್ರು, "ಅರೇ ಷಡಕ್ಷರಪ್ಪ, ಇದನ್ನ ಹಾಕ್ಕೊಂಡೇ ಮಲಗಬಹುದಲ್ರೀ" ಅಂದರು. ಇವರಿಗೆ ಅದೂ ಹೊಗಳಿಕೆ. ಟೀ ಮಾಡಿ ಮಾಡಿ ಮನೇಲಿ ಹಾಲು ಖಾಲಿ.
ಅತ್ತೆ ಬಾಗಿಲ ಸಂದಿಯಿಂದ ನೋಡ್ತಾ ಇದ್ದರು. ಮುಖ ಸಣ್ಣಗಾಗಿತ್ತು. "ಊರ ಕಣ್ಣೆಲ್ಲಾ ನನ್ನ ಮಗನ ಕಾಲ ಮೇಲೆ ಬಿತ್ತು ಕಣೇ. ಒಂದು ಲಾಳದ ಮೊಳೆ ಬೇಕು." ಕಬ್ಬಿಣ ಇದ್ದರೆ ದೃಷ್ಟಿ ತಾಗಲ್ಲವಂತೆ. ಸಂತೆಯಲ್ಲಿ ಎತ್ತಿಗೆ ಲಾಳ ಕಟ್ಟೋನ ಹತ್ತಿರ ಸಂಜೆಯೇ ಹೋಗಿ ಇಸ್ಕೊಂಡು ಬಂದರು. ಬಾಗಿಲಿಗೆ ಹೊಡೀತಾರೇನೋ. ತಾಯಿಗೆ ತಕ್ಕ ಮಗ.

೧೨, ಸೋಮವಾರ
ದಿನಾ ಬೆಳಗಿನ ಜಾವ ಮೈದಾನ ಸುತ್ತುತ್ತಾರೆ. ಇಪ್ಪತ್ತಾರಕ್ಕೆ ಕ್ಲಬ್ಬಿನವರ ಓಟ, ಐವತ್ತು ದಾಟಿದವರಿಗೆ. ಗೆಲ್ತಾರಂತೆ! ಬಸ್ಸು ಹಿಡಿಯೋಕೂ ಓಡದ ಮನುಷ್ಯ.
ಬಂದ ಕೂಡಲೇ ಅದೇ ಪುರಾಣ. "ಹತ್ತಿ ಮೇಲೆ ನಡೆದ ಹಾಗೆ. ಕಾಲಿದೆ ಅನ್ನೋದೇ ಗೊತ್ತಾಗಲ್ಲ ಮಾರಾಯ್ತಿ."
ತಲೆ ಇದೆ ಅನ್ನೋದೂ ಗೊತ್ತಾಗಲ್ಲ ಇವರಿಗೆ. ಅದಕ್ಕೆ ಶೂ ಬೇಕಿರಲಿಲ್ಲ. ಉಪ್ಪಿಟ್ಟು ಎರಡು ಸಲ ಹಾಕಿಸ್ಕೊಂಡರು.

೨೦, ಮಂಗಳವಾರ
ಶೂ ಜೊತೆ ಫ್ರೀ ಕೊಟ್ಟ ಮೆರೂನ್ ಸಾಕ್ಸ್ ನೆನೆಸಿದೆ. ಬಕೆಟ್ ನೀರೆಲ್ಲಾ ಕೆಂಪು. ನನ್ನ ಬಿಳಿ ರವಿಕೆ ಹಾಳು. ಅಷ್ಟು ಟೆಕ್ನಾಲಜಿ ಮಾಡೋರಿಗೆ ಬಣ್ಣ ನಿಲ್ಲಿಸೋಕೆ ಬರಲ್ವಾ? ಇವರ ಮೂಗಿನ ಮುಂದೆ ಹಿಡಿದೆ. "ಹೊಸದಲ್ವಾ, ಬಿಡುತ್ತೆ" ಅಂತ ಪೇಪರ್ ಮಗುಚಿದರು. ಶೂ ಬೇರೆ ಗಬ್ಬು ನಾತ. ಕಾಲಲ್ಲೇ ಮೆಟ್ಟಿಲಾಚೆ ತಳ್ಳಿದೆ.
ಅಂಗಾಲು ನೋಡ್ಕೊಂಡ್ರಾ ಅಂತ ಕೇಳಿದೆ. ಹೊಟ್ಟೆ ಅಡ್ಡ ಬರುತ್ತಂತೆ. ಈ ಕಡೆ ಚಾಚಿ ಅನ್ನೋಷ್ಟರಲ್ಲಿ ಗೊರಕೆ.

೨೬, ಸೋಮವಾರ
ಮೂರನೇ ಬಹುಮಾನ. ಓಡಿದ್ದೇ ನಾಲ್ಕು ಜನ. ಸ್ಟೀಲ್ ಡಬ್ಬಿ ಎತ್ತಿ ಹಿಡ್ಕೊಂಡು ಬಂದರು. ಶೂ, ಸಾಕ್ಸ್ ಹೊರಗೆ ಬಿಚ್ಚಿ ಒಳಗೆ ಕಾಲಿಟ್ಟರು. ಆಗ ತಾನೇ ಒರೆಸಿದ ನೆಲ. ಹೆಜ್ಜೆ ಹೆಜ್ಜೆಗೂ ಕೆಂಪು.
"ಓಕುಳಿ ತುಳ್ಕೊಂಡು ಬಂದ್ರಾ?" ಅಂತ ಕಿರುಚಿದೆ.
ಹಿಂದೆ ತಿರುಗಿ ನೋಡಿದರು. "ಯಾರದ್ದೇ ಅದು?" ಅಂದರು.
ಕೂರಿಸಿ ಕಾಲೆತ್ತಿದೆ. ಹೆಬ್ಬೆರಳ ಬುಡದಲ್ಲಿ ತೂತು. ಸುತ್ತ ಕಪ್ಪಗೆ. ಓಡಿ ಹೋಗಿ ಶೂ ಒಳಗಿನ ಮೆತ್ತೆ ಕಿತ್ತೆ. ಅಡಿಯಲ್ಲಿ ಅತ್ತೆಯ ಲಾಳದ ಮೊಳೆ, ತುದಿ ಮೆತ್ತೆ ತೂರಿ ಮೇಲೆ ಬಂದಿದೆ. ಇಷ್ಟು ದಿನ ಅದರ ಮೇಲೇ ಓಡಿದಾರೆ, ಹತ್ತಿ ಹತ್ತಿ ಅಂತ. ನಾನು ಬಕೆಟ್ ಬಕೆಟ್ ರಕ್ತ ಚೆಲ್ಲಿ ಕಂಪನಿಯವರನ್ನ ಬಯ್ದಿದೀನಿ. ಗೌಸ್ ಸಾಹೇಬ್ರು ಗಾಡಿ ತರ್ತಿದಾರೆ.

೨೮, ಬುಧವಾರ. ಶಿವಮೊಗ್ಗ, ಆಸ್ಪತ್ರೆ
ಡಾಕ್ಟರು ಇವರಿಗೆ ಕಣ್ಣು ಮುಚ್ಚೋಕೆ ಹೇಳಿದರು. "ಪಿನ್ ಚುಚ್ತೀನಿ. ಗೊತ್ತಾದ ಕೂಡಲೇ ಹೇಳಿ." ಚುಚ್ಚಿದರು. ಅಂಗಾಲು, ಹಿಮ್ಮಡಿ, ಬೆರಳು. ಆಮೇಲೆ ಇನ್ನೊಂದು ಕಾಲು. ಬರೀ ಕಾಲು, ಶೂ ಇಲ್ಲ ಏನಿಲ್ಲ.
ಇವರು ಕಣ್ಣು ಬಿಗಿಯಾಗಿ ಮುಚ್ಕೊಂಡು ನೆಟ್ಟಗೆ ಕೂತಿದ್ದರು. "ಹ್ಞೂಂ, ಚುಚ್ಚಿ ಡಾಕ್ಟರೇ. ನಾನು ರೆಡಿ."
ನನಗೆ ಹೆದರಿಕೆ ಆಗ್ತಿದೆ.

೩೦, ಶುಕ್ರವಾರ. ಮನೆ
ಬಟ್ಟೆ ಒಯ್ಯೋಕೆ ಬಂದೆ. ನಾಳೆ ಆಪರೇಷನ್. ಹೆಬ್ಬೆರಳು ಹೋಗುತ್ತೆ. ಅಷ್ಟಕ್ಕೇ ನಿಂತರೆ ಪುಣ್ಯ ಅಂದಿದಾರೆ.
ಗಾಯ ಯಾವುದರಿಂದ ಅಂತ ಅತ್ತೆಗೆ ಯಾರೂ ಹೇಳಿಲ್ಲ. ಮೊಳೆ ನನ್ನ ಪರ್ಸಲ್ಲೇ ಇದೆ. ಬಸ್ಸಲ್ಲಿ ಮಾಚೇನಹಳ್ಳಿ ದಾಟೋ ತನಕ ಮಾತು ಜೋಡಿಸ್ಕೊಂಡು ಬಂದಿದ್ದೆ. ಈ ಮುದುಕಿ ಜನ್ಮದಲ್ಲಿ ಮರೀಬಾರದು, ಹಂಗೆ ಅನ್ನಬೇಕು ಅಂತ.
ದೇವರ ಮುಂದೆ ಕೂತಿದ್ದರು. ನನ್ನ ಕೈ ಹಿಡ್ಕೊಂಡರು. "ನಿನ್ನ ಮಾವನದ್ದು ಮಂಡಿ ತನಕ ಹೋಯ್ತು. ಇವನದ್ದು ಬೆರಳಿಗೇ ಬಿಟ್ಟಿತು. ಶೂ ಒಳಗೆ ನಾನು ಮೊಳೆ ಇಟ್ಟಿದ್ದೆ ಕಣೇ, ಅದೇ ಕಾಪಾಡಿದ್ದು. ತೆಗೀಬೇಡ."
"ತೆಗೆಯಲ್ಲ ಅತ್ತೆ" ಅಂದೆ.
ಊಟಕ್ಕೆ ಬಡಿಸಿದೆ. ಮೊಸರು ಹಾಕುವಾಗ ತಲೆ ಎತ್ತಿದರು. "ಸರಸ್ವತಿ, ಅವನಿಗೆ ನೋವಿಲ್ಲ ತಾನೇ?"
ಇಲ್ಲ ಅತ್ತೆ, ಅಂದೆ. ಒಂಚೂರೂ ಇಲ್ಲ. ಅದೇ ಕಾಯಿಲೆ.