ಗೈಡ್ ಪರವಾಗಿ ಪರೀಕ್ಷೆ ಬರೆದವಳು

ಸಂಶೋಧನಾ ವಿಭಾಗದ ಮಾನ್ಯ ನಿರ್ದೇಶಕರೇ,

ಕಳೆದ ತಿಂಗಳು ನೀವು ನಡೆಸಿದ ‘ಉತ್ತಮ ಮಾರ್ಗದರ್ಶಕರಾಗುವುದು ಹೇಗೆ’ ಎಂಬ ತರಬೇತಿಯಲ್ಲಿ ನನ್ನ ಪಿಎಚ್.ಡಿ. ಗೈಡ್ ಮೊದಲ ಸ್ಥಾನ ಪಡೆದರು. ಅವರ ಉತ್ತರಪತ್ರಿಕೆ ಬರೆದವಳು ನಾನು. ಇದನ್ನು ತಿಳಿಸಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ‘ಗೈಡ್ ಮೂಲಕ ಬನ್ನಿ’ ಎಂದು ಮೂರು ಸಲವೂ ನಿಮ್ಮ ಸಿಬ್ಬಂದಿ ಸಾಗಹಾಕಿದರು. ಹಾಗಾಗಿ ಈ ಬಹಿರಂಗ ಪತ್ರದಲ್ಲಿ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ಮನೆಯಲ್ಲಿ ಬರೆದು ತರಲು ನೀವು ಕೊಟ್ಟಿದ್ದ ಪ್ರಶ್ನೆಪತ್ರಿಕೆಯನ್ನು ಗೈಡ್ ನನ್ನನ್ನು ಕರೆದು ಮೇಜಿನ ಮೇಲೆ ತಳ್ಳಿದರು.

“ಇದೊಂದು ತುಂಬಿಸಿಬಿಡಮ್ಮ. ನನ್ನ ಮನಸ್ಸಲ್ಲಿ ಏನಿದೆ ಅಂತ ನಿಂಗೊತ್ತಲ್ಲ.”

“ಸರ್, ನನ್ನ ನಾಲ್ಕನೇ ಅಧ್ಯಾಯ ನೋಡಿದ್ರಾ?”

“ಗೆದ್ದಲಿನದ್ದು ತಾನೇ? ನೋಡ್ತಿದೀನಿ.”

“ನನ್ನದು ಇರುವೆ, ಸರ್.”

“ಎರಡೂ ಸಾಲಾಗೇ ಹೋಗ್ತವಲ್ಲಮ್ಮ.”

ಆರು ವರ್ಷ ಇರುವೆಗಳ ಹಿಂದೆ ಅಲೆದವಳಿಗೆ ಸಿಕ್ಕ ಏಕೈಕ ವೈಜ್ಞಾನಿಕ ಸಲಹೆ ಇದು. ಆ ಅಧ್ಯಾಯ ಅವರ ಬೀರುವಿನ ಮೇಲೆ, ಕೆಟ್ಟುಹೋದ ಟೇಬಲ್ ಫ್ಯಾನಿನ ಅಡಿಯಲ್ಲಿ ಹತ್ತು ತಿಂಗಳಿಂದ ಬಿದ್ದಿದೆ. ನನ್ನ ಬಗ್ಗೆ ಅವರು ನಿಮಗೆ ಕೊಡಬೇಕಾದ ಪ್ರಗತಿ ವರದಿಯನ್ನೂ ಆರು ತಿಂಗಳಿಗೊಮ್ಮೆ ನಾನೇ ಬರೆಯಬೇಕು. ಬರೀ ಹೊಗಳಿಕೊಂಡರೆ ನಿಮಗೆ ಅನುಮಾನ ಬರುತ್ತದೆಂದು, ಅವರ ದನಿಯಲ್ಲಿ ನನ್ನನ್ನು ನಾನೇ ತುಸು ಬೈದುಕೊಳ್ಳುತ್ತಿದ್ದೆ. ‘ವಿದ್ಯಾರ್ಥಿನಿ ಇನ್ನಷ್ಟು ಶ್ರಮ ಪಡಬೇಕು’ ಎಂಬ ಆ ಮಾತನ್ನೇ ಎತ್ತಿಕೊಂಡು ನೀವು ನೋಟಿಸ್ ಕಳಿಸಿದ್ದೀರಿ: ಪ್ರಗತಿ ಸಾಲದು, ಮೂವತ್ತು ದಿನದೊಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು. ನೋಟಿಸ್ ಓದಿದ ನನ್ನ ಅಕ್ಕ, “ಇದು ನಿನ್ನ ಮಾತಿನ ಧಾಟಿನೇ ಅಲ್ವೇನೇ?” ಅಂದಳು.

ನನ್ನದೂ ತಪ್ಪಿದೆ, ಒಪ್ಪುತ್ತೇನೆ. ಒಮ್ಮೆಯೂ ‘ಆಗುವುದಿಲ್ಲ’ ಎನ್ನಲಿಲ್ಲ. ಅಂದಿದ್ದರೆ ಪ್ರಬಂಧಕ್ಕೆ ಅವರ ಸಹಿಯ ಆಸೆ ಬಿಡಬೇಕಿತ್ತು.

ಆದರೆ ನಿಮ್ಮ ಪ್ರಶ್ನೆಪತ್ರಿಕೆಯಲ್ಲಿ ನನ್ನ ಮನಸ್ಸಿನಲ್ಲಿದ್ದುದನ್ನೇ ಬರೆದೆ. ಅಧ್ಯಾಯ ಕೈಸೇರಿದ ಮೇಲೆ ಎಷ್ಟು ದಿನದಲ್ಲಿ ಓದುತ್ತೀರಿ? ಹದಿನೈದು. ವಿದ್ಯಾರ್ಥಿ ಕುಗ್ಗಿದಾಗ ಏನು ಮಾಡುತ್ತೀರಿ? ‘ಕುರ್ಚಿ ಎಳೆದು ಕೂರಿಸಿ, ಎಲ್ಲಿ ಸಿಕ್ಕಿಕೊಂಡಿದ್ದೀಯ ಎಂದು ಕೇಳುತ್ತೇನೆ.’ ಅದನ್ನು ಬರೆಯುವಾಗ ಅಳು ಬಂತು. ಆರು ವರ್ಷದಲ್ಲಿ ಅವರ ಕೋಣೆಯಲ್ಲಿ ನಾನು ಒಮ್ಮೆಯೂ ಕೂತಿಲ್ಲ. ಎದುರಿನ ಕುರ್ಚಿ ತುಂಬ ಕಡತಗಳಿವೆ. ಅದೇ ವಾಕ್ಯವನ್ನು ನೀವು ವೇದಿಕೆಯ ಮೇಲೆ ಓದಿ ಚಪ್ಪಾಳೆ ತಟ್ಟಿಸಿದಿರಂತೆ. ಚಪ್ಪಾಳೆಗೆ ಮುಂಚೆ ಅವರ ವಿದ್ಯಾರ್ಥಿಗಳಲ್ಲಿ ಒಬ್ಬರನ್ನು ಕರೆದು, ‘ಹೌದೇನಮ್ಮ?’ ಎಂದು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಪ್ರಮಾಣಪತ್ರ ಅವರ ಗೋಡೆಯ ಮೇಲೇ ಇರಲಿ. ನೀವು ನೋಟಿಸನ್ನು ಹಿಂತೆಗೆದುಕೊಳ್ಳಿ. ಓದುವ ಅಭ್ಯಾಸವಿರುವ ಬೇರೊಬ್ಬ ಗೈಡನ್ನು ನನಗೆ ಕೊಡಿ. ಗೈಡ್ ಬದಲಾವಣೆಗೆ ಈಗಿನ ಗೈಡ್ ಅಭಿಪ್ರಾಯ ಬೇಕೆಂಬುದು ನಿಮ್ಮದೇ ನಿಯಮ. ಅದನ್ನು ಕೇಳಲು ನಿನ್ನೆ ಹೋದೆ. ಅವರು ಫೋನಿನಿಂದ ಕಣ್ಣು ತೆಗೆಯದೆ, “ನೀನೇ ಬರ್ಕೊಂಡು ಬಾಮ್ಮ, ಸಹಿ ಹಾಕ್ತೀನಿ” ಎಂದರು.

ಬರೆದುಕೊಂಡು ಹೋದೆ, ಸಹಿ ಹಾಕಿದರು. ಪ್ರತಿಯನ್ನು ಲಗತ್ತಿಸಿದ್ದೇನೆ. ಅದರಲ್ಲಿರುವುದು ಒಂದೇ ಸಾಲು: ‘ಈ ವಿದ್ಯಾರ್ಥಿನಿ ಬರೆದ ಒಂದು ಪುಟವನ್ನೂ ನಾನು ಇದುವರೆಗೆ ಓದಿಲ್ಲ.’

ಇಂತಿ,
ತನ್ನ ಪ್ರಗತಿ ಸಾಲದೆಂದು ತಾನೇ ಬರೆದುಕೊಟ್ಟ ವಿದ್ಯಾರ್ಥಿನಿ