ಹಿತ್ತಲ ಬಾಗಿಲ ಚಿಲಕ

ತಮ್ಮಾ,

ಮುಷ್ಕರಕ್ಕೆ ಹೋಗಿರೋ ನಿನ್ನ ಭಾವನನ್ನು ಹುಡುಕಿಕೊಂಡು ನಿನ್ನೆ ಮಧ್ಯಾಹ್ನ ನಿನ್ನ ಸ್ಟೇಷನ್ನಿನ ಇಬ್ಬರು ಪೊಲೀಸರು ಮನೆಗೆ ಬಂದಿದ್ದರು. "ಮನೆ ನೋಡಬೇಕು, ಬಾಗಿಲು ತೆಗೀರಿ" ಅಂದರು. ನಾನು ಕಿಟಕಿಯಿಂದಲೇ, "ಕೋರ್ಟಿನ ಕಾಗದ ಇದ್ದರೆ ತೋರಿಸಿ" ಅಂದೆ. ಒಬ್ಬ ನಕ್ಕ. ಇನ್ನೊಬ್ಬ ನೇರ ಹಿತ್ತಲಿಗೆ ಹೋಗಿ, ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ತಳ್ಳಿದ. ಚಿಲಕ ಕಳಚಿಕೊಂಡಿತು.

ಹಾಗೆ ಎತ್ತಿದರೆ ತೆರೆಯುತ್ತೆ ಅನ್ನೋದು ನಮ್ಮ ಮನೆಮಂದಿ, ನೀನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ಗೋಡೆಗೆ ಕಿವಿ ಇರುತ್ತೆ ಅಂತಾರೆ. ನಮ್ಮ ಬಾಗಿಲಿಗೆ ಬಾಯಿಯೂ ಬಂತೇನೋ. ಹೊಲಿಯೋಕೆ ಬಂದಿದ್ದ ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದು, ಏನೂ ಸಿಗದೆ ಹೋದರು.

ನಿನ್ನನ್ನು ಏನೂ ಕೇಳುತ್ತಿಲ್ಲ. ಇವತ್ತು ಬಡಗಿಯನ್ನು ಕರೆಸಿ ಕಬ್ಬಿಣದ ಅಗುಳಿ ಹಾಕಿಸಿದೆ. ಇನ್ನು ಮುಂಬಾಗಿಲಿಗೇ ಬಾ. ಯೂನಿಫಾರ್ಮಿನಲ್ಲಿ ಬಂದರೆ ನಿನಗೂ ಕಾಗದ ಕೇಳ್ತೀನಿ. ತಮ್ಮನಾಗಿ ಬರೋದಾದರೆ ಹಸಿದುಕೊಂಡು ಬಾ.

ನಿನ್ನ ಅಕ್ಕ