ಗುಲ್ನಾಜಳ ಗೈಡಿಗೆ ಹೊಡೆಸಿದ ಕಾಟು

ಮಂಗಳವಾರ, ೧೧ ಮಾರ್ಚ್

ನಿನ್ನೆಯೂ ಬರೆದಿದ್ದೆ, ಈಗಿನ ಇಂಗ್ಲಿಷ್ ಗೈಡುಗಳು ಚುರುಮುರಿ ಕಟ್ಟಾಕಷ್ಟೇ ಲಾಯಕ್ಕು. ಬೆಟಗೇರಿಯ ನೇಕಾರ ಶೇಖಸಾಬನ ಮಗಳು ಗುಲ್ನಾಜ ಮಧ್ಯಾಹ್ನ ಗೈಡು ಹಿಡಕೊಂಡು ಇಂಗ್ಲಿಷ್ ಕೇಳಾಕ ಬಂದಿದ್ದಳು. ನಾಳೆ ಅವಳಿಗೆ ನೌಕರಿ ಪರೀಕ್ಷೆ. 'ಅಫೆಕ್ಟ್' ಅಂದರೆ ಪರಿಣಾಮ ಬೀರೋದು, 'ಇಫೆಕ್ಟ್' ಅಂದರೆ ಆದ ಪರಿಣಾಮ ಅಂತ ಗೈಡಿನಾಗ ಅಚ್ಚಾಗಿತ್ತು.

"ಉಲ್ಟಾ ಐತಿ, ಕಾಟು ಹೊಡಿ" ಅಂದೆ.

"ಖರೇನ ಸರ್?"

"ಬಿ.ಎ. ಮಾಡಿದಾವ ನಾನೋ, ನಿನ್ನ ಗೈಡೋ?"

ಹೊಡೆದಳು. ಈಗ ಡಿಕ್ಷನರಿ ತೆಗೆದರೆ ಗೈಡೇ ಸರಿ! ಅದನ್ನು ಬರೆದ ಕತ್ತೆಗೆ ಹೆಂಗ ಗೊತ್ತಾತೋ. ನಮ್ಮಾಕಿ ಬದುಕಿದ್ದರೆ ಅಂತಿದ್ದಳು, "ಗೊತ್ತಿಲ್ಲ ಅಂದ್ರ ನಿಮ್ಮ ಮೀಸಿ ಉದರತೈತೇನ್ರಿ?"

ಆ ಹುಡುಗಿ ನಾಳೆ ನನ್ನ ಮಾತು ನಂಬಿ ತಪ್ಪು ಬರೀತಾಳ. ಬೆಳಕು ಹೋಗಾಕ ಹತ್ತೇತಿ, ಅಕ್ಷರ ಕಾಣವಲ್ಲವು. ಬೆಟಗೇರಿ ಆಟೋ ಬಂದ್ ಆಗೂದರೊಳಗ ಹೊರಡಬೇಕು, ಹೋಗಿ ಅಕೀಗೆ ಏನಂತ ಹೇಳಲಿ...